ತೆಂಗಿನ ಗರಿಯಡಿಯ ಕಪ್ಪು ಚುಕ್ಕಿ

ನಾಗಮಂಗಲ, ಕೆ.ಆರ್. ಪೇಟೆ ಕಡೆಯ ತೆಂಗಿನ ತೋಟವಿರಲಿ, ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನ ಬದುವಿನ ಮರವಿರಲಿ, ಈಚಿನ ವರ್ಷಗಳಲ್ಲಿ ಗರಿ ಕಪ್ಪಿಟ್ಟಿದ್ದನ್ನು ಕಾಣದ ರೈತ ಕಡಿಮೆ. ಗರಿಯ ಅಡಿಯಲ್ಲಿ ಬಿಳಿ ಮೇಣದ ಹಿಟ್ಟು, ಕೆಳಗಿನ ಗರಿಗಳ ಮೇಲೆ ಸಿಹಿ ಅಂಟು, ಆ ಅಂಟಿನ ಮೇಲೆ ಬೆಳೆದ ಕಪ್ಪು ಬೂಷ್ಟು. ಏನಾಯಿತೆಂದು ಕೇಳಿದರೆ ‘ಬಿಳಿ ನೊಣ ಬಿದ್ದಿದೆ’ ಎಂಬ ಉತ್ತರ ಸಿದ್ಧ. ಉತ್ತರ ಸರಿಯೇ. ಆದರೆ ಯಾವ ಬಿಳಿ ನೊಣ?

ಈ ಪ್ರಶ್ನೆಗೆ ಉತ್ತರ ಹುಡುಕುವುದನ್ನೇ ಕಸುಬಾಗಿಸಿಕೊಂಡವರು ಕೀಟ ವರ್ಗೀಕರಣ ತಜ್ಞರು. ಅವರ ಕೆಲಸ ಎಷ್ಟು ಅಗತ್ಯ ಎಂಬುದಕ್ಕೆ ಮಂಡ್ಯ ಜಿಲ್ಲೆಯೇ ಸಾಕ್ಷಿ. 2016ರಲ್ಲಿ ಪೊಳ್ಳಾಚಿ ಸುತ್ತಮುತ್ತ ಕಾಣಿಸಿಕೊಂಡ ಸುರುಳಿ ಬಿಳಿ ನೊಣ ದಕ್ಷಿಣದ ರಾಜ್ಯಗಳಿಗೆಲ್ಲ ಹಬ್ಬಿತು. ಅದರ ಬೆನ್ನಿಗೆ, ಮೇಣದಲ್ಲಿ ಗೂಡು ಹೆಣೆಯುವ ಬೊಂಡಾರ್ ಬಿಳಿ ನೊಣ ಕೇರಳದಲ್ಲಿ ಸಿಕ್ಕಿತು. 2019ರಲ್ಲಿ ಮಂಡ್ಯದ ತೆಂಗು ಮತ್ತು ಅಲಂಕಾರದ ತಾಳೆ ಗಿಡಗಳ ಮೇಲೆ ಇನ್ನೊಂದು ಕಂಡಿತು. ಭಾರತಕ್ಕೆ ಹೊಸದಾದ ಅದನ್ನು ಗುರುತಿಸಿದವರು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ವಿಜ್ಞಾನಿಗಳು. ಹೆಸರು ಅಲ್ಯುರೋಟ್ರಾಕೆಲಸ್ ಅಟ್ರಾಟಸ್. 1922ರಲ್ಲಿ ಹೆಂಪೆಲ್ ಎಂಬವರು ಬ್ರೆಜಿಲ್‌ನ ತೆಂಗಿನ ಮೇಲಿಂದ ಇದನ್ನು ಮೊದಲು ವಿವರಿಸಿದ್ದರು. ಹಿಂದೂ ಮಹಾಸಾಗರದ ಕೊಮೊರೊಸ್ ದ್ವೀಪಗಳ ತೆಂಗನ್ನು ಇದು ಕಾಡಿದ್ದೂ ಗೊತ್ತಿತ್ತು. ಹೆಸರು ಸಿಕ್ಕ ಕ್ಷಣವೇ ನೂರು ವರ್ಷದ ಮಾಹಿತಿ ಕೈಗೆ ಬಂತು.

ವಿಚಿತ್ರವೆಂದರೆ, ಬಿಳಿ ನೊಣವನ್ನು ಗುರುತಿಸಲು ಹಾರಾಡುವ ನೊಣ ಅಷ್ಟಾಗಿ ಉಪಯೋಗಕ್ಕೆ ಬಾರದು. ರೆಕ್ಕೆ ಬಂದ ಮೇಲೆ ಬಹಳಷ್ಟು ಜಾತಿಗಳು ಒಂದೇ ಥರ. ಬೇಕಾದದ್ದು ಗರಿಗೆ ಕಚ್ಚಿಕೊಂಡ ಕೋಶಾವಸ್ಥೆಯ ಚಿಪ್ಪು. ಮಂಡ್ಯದಲ್ಲಿ ಸಿಕ್ಕ ಜಾತಿಯ ಚಿಪ್ಪು ಸುಮಾರು ಒಂದು ಮಿಲಿಮೀಟರ್ ಉದ್ದ, ಅಚ್ಚ ಕಪ್ಪು, ಸುತ್ತಲೂ ಬಿಳಿ ಮೇಣದ ಅಂಚು. ಬರಿಗಣ್ಣಿಗೆ ಇಷ್ಟೇ ಕಾಣುವುದು.

ಮುಂದಿನದು ಪ್ರಯೋಗಾಲಯದ ಕೆಲಸ. ಸೂಜಿಯ ತುದಿಯಿಂದ ಚಿಪ್ಪನ್ನು ಒಡೆಯದಂತೆ ಎಬ್ಬಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಾಕಿ ಮೆಲ್ಲಗೆ ಬಿಸಿ ಮಾಡುತ್ತಾರೆ. ಒಳಗಿನ ಮಾಂಸವೆಲ್ಲ ಕರಗಿ ಬರೀ ತೊಗಟೆ ಉಳಿಯುತ್ತದೆ. ಕಪ್ಪು ಚಿಪ್ಪಾದರೆ ಬಣ್ಣ ತಿಳಿಯಾಗಿಸುವ ಹೆಚ್ಚುವರಿ ಕೆಲಸ. ಬಣ್ಣವಿಲ್ಲದ್ದಾದರೆ ಕೆಂಪು ಬಣ್ಣ ಹಿಡಿಸುತ್ತಾರೆ. ಆಮೇಲೆ ಆಲ್ಕೋಹಾಲಿನಲ್ಲಿ ನೀರಿನಂಶ ತೆಗೆದು, ಲವಂಗದ ಎಣ್ಣೆಯಲ್ಲಿ ಅದ್ದಿ, ಕೆನಡಾ ಬಾಲ್ಸಂ ಎಂಬ ಅಂಟಿನ ಹನಿಯೊಂದರಲ್ಲಿ ಗಾಜಿನ ಸ್ಲೈಡಿನ ಮೇಲೆ ಕೂರಿಸುವುದು. ಕೈ ನಡುಗಿದರೆ ಅಷ್ಟೂ ಶ್ರಮ ಮಣ್ಣುಪಾಲು. ಸೂಕ್ಷ್ಮದರ್ಶಕದಲ್ಲಿ ನೋಡುವುದು ಅಂಚಿನ ಹಲ್ಲುಗಳನ್ನು, ಮೇಣ ಸೂಸುವ ರಂಧ್ರಗಳನ್ನು, ಬೆನ್ನಿನ ತುದಿಯಲ್ಲಿ ಸಿಹಿ ಅಂಟು ಹೊರಬೀಳುವ ಕುಳಿಯನ್ನು, ಅದರ ಮುಚ್ಚಳವನ್ನು. ಆ ಮುಚ್ಚಳ ನುಣುಪೋ ಸುಕ್ಕೋ ಎಂಬುದರ ಮೇಲೂ ಜಾತಿ ನಿರ್ಧಾರವಾಗುವುದುಂಟು.

ಜಿಗಿಹುಳುಗಳ ಕಥೆ ಬೇರೆ. ಅಲ್ಲಿ ಗಂಡುಹುಳುವಿನ ಜನನಾಂಗವನ್ನು ಬಿಡಿಸಿ ನೋಡದೆ ಎಷ್ಟೋ ಜಾತಿಗಳ ಹೆಸರು ಹೇಳುವಂತಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಸಿ.ಎ. ವಿರಕ್ತಮಠ ಅವರು ದಶಕಗಳ ಕಾಲ ಇದೇ ಕೆಲಸದಲ್ಲಿ ಕೂತು ನೂರಾರು ಹೊಸ ಜಾತಿಗಳನ್ನು ವಿವರಿಸಿದ್ದಾರೆ. ಜಿಗಿಹುಳುಗಳ ವಿಷಯದಲ್ಲಿ ಅವರದು ಹೊರದೇಶದ ತಜ್ಞರೂ ಒಪ್ಪುವ ಹೆಸರು.

ಮೈಸೂರು ಸೀಮೆಗೆ ಈ ಕಸುಬು ಹೊಸತಲ್ಲ. ಮಂಡ್ಯದ ವಿ.ಸಿ. ಫಾರಂ ಜೊತೆ ಇಂದಿಗೂ ಹೆಸರು ಸೇರಿಕೊಂಡಿರುವ ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಸಂಸ್ಥಾನಕ್ಕೆ ಬಂದದ್ದು ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ. ಕೃಷಿ ಇಲಾಖೆಯ ನಿರ್ದೇಶಕರಾದದ್ದು ಆಮೇಲೆ. ಜೋಳದ ಹೊಲಗಳನ್ನು ಬೋಳು ಮಾಡುತ್ತಿದ್ದ, ರೆಕ್ಕೆ ಬೆಳೆಯದ ಮಿಡತೆಯೊಂದನ್ನು ಅವರು ಅಭ್ಯಾಸ ಮಾಡಿದರು. ರೈತರಿಗೆ ಅದು ಹಳೆಯ ಶತ್ರು, ವಿಜ್ಞಾನದ ಪುಸ್ತಕದಲ್ಲಿ ಮಾತ್ರ ಹೆಸರಿರಲಿಲ್ಲ. ಸ್ಪೇನಿನ ಮಿಡತೆ ತಜ್ಞ ಬೊಲಿವಾರ್ 1910ರಲ್ಲಿ ಅದಕ್ಕೆ ಹೊಸ ಕುಲವನ್ನೇ ಸ್ಥಾಪಿಸಿ ಕೋಲ್ಮೇನಿಯಾ ಎಂದು ಕರೆದರು. ನಾಲೆ, ಕಬ್ಬು, ಭತ್ತದ ಮಾತು ಬಂದಾಗಲೆಲ್ಲ ಕೋಲ್ಮನ್ನರನ್ನು ನೆನೆಯುವ ಮಂಡ್ಯದವರಿಗೂ ಈ ಮಿಡತೆಯ ವಿಷಯ ಅಷ್ಟಾಗಿ ತಿಳಿದಂತಿಲ್ಲ.

ಹೆಸರಿಗಿಂತ ಮೊದಲೇ ಹುಳು ಬಂದು ಕೂರುವುದೂ ಉಂಟು. 2001ರ ಸುಮಾರಿಗೆ ಮಂಡ್ಯ ಜಿಲ್ಲೆಯ ನೀಲಗಿರಿ ಗಿಡಗಳ ಎಲೆ, ತೊಟ್ಟುಗಳಲ್ಲಿ ಗಂಟು ಕಾಣಿಸಿತು. ಗಂಟಿನೊಳಗೆ ಒಂದು ಪುಟ್ಟ ಕಣಜ. ಇಸ್ರೇಲ್ ಮೊದಲಾದ ಕಡೆಯೂ ಅದೇ ಕಾಟ. ಆಸ್ಟ್ರೇಲಿಯಾ ಮೂಲದ ಈ ಕೀಟಕ್ಕೆ ಲೆಪ್ಟೋಸೈಬೆ ಇನ್ವೇಸಾ ಎಂಬ ಹೆಸರು ಬಿದ್ದದ್ದು 2004ರಲ್ಲಿ. ಅಲ್ಲಿಯತನಕ ಇಲ್ಲಿನ ಗಂಟೂ ಅಲ್ಲಿನ ಗಂಟೂ ಒಂದೇ ಕೀಟದ ಕೆಲಸ ಎಂದು ಖಚಿತವಾಗಿ ಹೇಳುವುದಾದರೂ ಹೇಗೆ?

ಹೆಸರಿನಿಂದ ರೈತನಿಗೇನು ಲಾಭ ಎನ್ನುವವರು ಪಪ್ಪಾಯಿ ಹಿಟ್ಟುತಿಗಣೆಯನ್ನು ನೆನೆಯಬೇಕು. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಅದು ಪಪ್ಪಾಯಿಯಷ್ಟೇ ಅಲ್ಲ, ಹಿಪ್ಪುನೇರಳೆಯನ್ನೂ ಹಿಡಿದು ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತು. ಮೆಕ್ಸಿಕೊ ಕಡೆಯ ಜಾತಿ ಎಂದು ತಿಳಿದಿದ್ದರಿಂದಲೇ ಅದರ ವೈರಿಯನ್ನು ಎಲ್ಲಿ ಹುಡುಕಬೇಕೆಂಬುದೂ ತಿಳಿಯಿತು. 2010ರಲ್ಲಿ ಪೋರ್ಟೊರಿಕೊದಿಂದ ಅಸೆರೋಫೇಗಸ್ ಪಪಾಯೆ ಎಂಬ ಪರಾವಲಂಬಿ ಕಣಜವನ್ನು ತರಿಸಿ, ಬೆಂಗಳೂರಿನಲ್ಲಿ ಬೆಳೆಸಿ ತೋಟಗಳಿಗೆ ಬಿಟ್ಟರು. ಹಿಟ್ಟುತಿಗಣೆ ಹತೋಟಿಗೆ ಬಂತು. ತೆಂಗಿನ ಸುರುಳಿ ಬಿಳಿ ನೊಣಕ್ಕೂ ಎನ್ಕಾರ್ಸಿಯಾ ಗ್ವಾಡೆಲೂಪೆ ಎಂಬ ಕಣಜ ತೋಟದಲ್ಲೇ ಸಿಕ್ಕಿತು. ಇದು ಗೊತ್ತಿಲ್ಲದೆ ಕೀಟನಾಶಕ ಹೊಡೆದರೆ ಮೊದಲು ಸಾಯುವುದು ಈ ಉಪಕಾರಿಯೇ.

ಈಗ ಡಿಎನ್‌ಎ ಬಾರ್‌ಕೋಡ್ ಇದೆಯಲ್ಲ, ಸೂಕ್ಷ್ಮದರ್ಶಕ ಇನ್ನೇಕೆ ಎಂಬ ಮಾತೂ ಕೇಳಿಬರುತ್ತದೆ. ಒಂದು ಜೀನಿನ 658 ಅಕ್ಷರಗಳನ್ನು ಓದಿ ಹೋಲಿಸುವ ಈ ವಿಧಾನ ಮೊಟ್ಟೆಯಿಂದಲೂ ಮರಿಯಿಂದಲೂ ಹೆಸರು ಹೇಳಬಲ್ಲದು. ಹೋಲಿಸಲು ಇಟ್ಟ ಮಾದರಿಯ ಹೆಸರನ್ನೇ ಯಾರೋ ತಪ್ಪಾಗಿ ಬರೆದಿದ್ದರೆ ಮಾತ್ರ ಯಂತ್ರವೂ ಆ ತಪ್ಪನ್ನೇ ಹೇಳುತ್ತದೆ. ಸ್ಲೈಡ್ ಮಾಡಬಲ್ಲ ಕೈಗಳು ಕಡಿಮೆಯಾಗುತ್ತಿರುವ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಹೊಸ ಹುಳು ಕಂಡ ರೈತ ಮಾಡಬಹುದಾದ ಕೆಲಸ ಸರಳ. ಹಾರುವ ನೊಣದ ಹಿಂದೆ ಓಡುವುದು ಬೇಡ. ಚಿಪ್ಪುಗಳಿರುವ ಗರಿಯ ತುಂಡೊಂದನ್ನು ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಷ್ಟು ಹಿಡಿಯದಂತೆ ಕಾಗದದಲ್ಲಿ ಸುತ್ತಿ, ಊರು, ತಾಲ್ಲೂಕು, ದಿನಾಂಕ, ಬೆಳೆ ಬರೆದು ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಮುಟ್ಟಿಸಿದರಾಯಿತು. ದಿನಾಂಕ, ಸ್ಥಳವಿಲ್ಲದ ಮಾದರಿಯನ್ನು ಯಾವ ಸಂಗ್ರಹಾಲಯವೂ ಇಷ್ಟಪಡುವುದಿಲ್ಲ. ಆದ್ದರಿಂದ ಆ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯುವುದು ಒಳ್ಳೆಯದು, ಒದ್ದೆಯಾದರೂ ಅಳಿಸದು.