ಮಲೆನಾಡಿನ ಜ್ವರಕ್ಕೆ ಇಲಿಯ ಜಾಡು

ಹಿಂದೆ ಮೈಸೂರು ಸಂಸ್ಥಾನದ ಕಡತಗಳಲ್ಲಿ ಕಡೂರು ಜಿಲ್ಲೆಯೆಂದೇ ಪ್ರಸಿದ್ಧವಾಗಿದ್ದು 1947ರಲ್ಲಿ ಚಿಕ್ಕಮಗಳೂರಿನ ಹೆಸರನ್ನು ತಾಳಿದ ಪ್ರಾಂತದಲ್ಲಿ, ಅರ್ಧ ದಿವಸದ ಪಯಣದೊಳಗೆ ಎರಡು ನಾಡುಗಳನ್ನು ನೋಡಿ ಬರಬಹುದು. ಅಜ್ಜಂಪುರದ ಅಮೃತಮಹಲ್ ಕಾವಲು, ಕಡೂರಿನ ತೆಂಗು ಮತ್ತು ಈರುಳ್ಳಿಯ ಹೊಲ, ಇವು ಬಯಲುಸೀಮೆ. ತರೀಕೆರೆಯಿಂದ ಲಕ್ಕವಳ್ಳಿಯ ಭದ್ರಾ ಜಲಾಶಯದ ಕಡೆಗೋ ಕೆಮ್ಮಣ್ಣುಗುಂಡಿಯ ಏರಿಗೋ ಹೊರಳಿದೊಡನೆ ಕಾಡು. ವ್ಯಾಧಿಗಳ ವಿಷಯದಲ್ಲಿಯೂ ಈ ಎರಡು ನಾಡುಗಳ ನೆನಪು ಬೇರೆ ಬೇರೆಯಾಗಿದೆ.

ಬಯಲಿನ ನೆನಪು ಇಲಿಯದು. 1898ರಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನೊಡನೆ ಬೆಂಗಳೂರನ್ನು ಮುಟ್ಟಿದ ಪ್ಲೇಗು, ಹರಿಹರದಿಂದ ಅಜ್ಜಂಪುರ, ಬೀರೂರು, ಕಡೂರುಗಳನ್ನು ಹಾದುಹೋಗುವ ಹಳಿಯ ಮೇಲೆಯೇ ಇಳಿದು ಬಂದದ್ದು. 'ಇಲಿ ಬಿತ್ತು' ಎಂಬ ಮಾತು ಕೇಳಿದೊಡನೆ, ಅಧಿಕಾರಿಯ ಆಜ್ಞೆಗೆ ಕಾಯದೆ, ದವಸಧಾನ್ಯ ದನಕರುಗಳನ್ನು ಹೊರಡಿಸಿಕೊಂಡು ಊರಾಚೆ ಗುಡಿಸಲು ಹಾಕಿ ಬೀಡುಬಿಡುತ್ತಿದ್ದ ಹಳೆಯ ಮೈಸೂರಿನ ಜನ ರೋಗಶೋಧನೆಯ ಮೊದಲ ಪಾಠವನ್ನು ಯಾವ ಪ್ರಯೋಗಶಾಲೆಯ ಹಂಗೂ ಇಲ್ಲದೆ ಕಲಿತಿದ್ದರೆನ್ನಬೇಕು. ಪ್ಲೇಗು ಬ್ಯಾಕ್ಟೀರಿಯಾದಿಂದ ಬರುವ ರೋಗ, ಮುಂದೆ ಹೇಳುವ ಮಲೆನಾಡಿನ ಜ್ವರದ ವೈರಸ್ಸಿನ ಸಂತಾನಕ್ಕೆ ಸೇರಿದುದಲ್ಲ. ಆದರೂ ಅಲ್ಲಿ ಇಲಿ ತಾನು ಸತ್ತು ಮನುಷ್ಯನನ್ನು ಎಚ್ಚರಿಸುತ್ತಿತ್ತೆಂಬುದನ್ನು ಗಮನದಲ್ಲಿಡಬೇಕು.

ಮಲೆನಾಡಿನಲ್ಲಿ ಎಚ್ಚರಿಸಿದ್ದು ಮಂಗ. 1957ರ ಬೇಸಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮುಸಿಯಗಳೂ ಕೆಂಪು ಮಂಗಗಳೂ ಸತ್ತು ಬೀಳತೊಡಗಿ, ಅದೇ ಕಾಲಕ್ಕೆ ಕಾಡಿಗೆ ಸೌದೆಗೂ ತರಗೆಲೆಗೂ ಹೋಗಿ ಬಂದವರು ಉರಿಜ್ವರ, ತಲೆನೋವು, ಮೈಕೈ ಸೆಳೆತಗಳಿಂದ ಹಾಸಿಗೆ ಹಿಡಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿದ್ವಾಂಸರ ಮನಸ್ಸಿನಲ್ಲಿ ಮೊದಲು ಎದ್ದದ್ದು ಒಂದು ಘೋರ ಶಂಕೆ: ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನು ಕೆಡವುವ ಹಳದಿ ಜ್ವರವು ಏಷ್ಯಾಕ್ಕೂ ಕಾಲಿಟ್ಟಿತೆ? ಕೇಂದ್ರದ ನಿರ್ದೇಶಕ ಟೆಲ್ಫರ್ಡ್ ವರ್ಕ್, ಕೀಟಶಾಸ್ತ್ರಜ್ಞ ಹೆರಾಲ್ಡ್ ಟ್ರಾಪಿಡೊ ಮೊದಲಾದವರು ರೋಗಿಗಳ ರಕ್ತದಿಂದಲೂ ಸತ್ತ ಮಂಗಗಳ ಅಂಗಾಂಶಗಳಿಂದಲೂ ಬೇರ್ಪಡಿಸಿದ ವೈರಸ್ಸು ಹಳದಿ ಜ್ವರದ್ದಾಗಿರದೆ ರಷ್ಯದ ಉಣುಗು ಜ್ವರಗಳ ಬಳಗಕ್ಕೆ ಸೇರಿತ್ತು. ಆ ವರ್ಷ 466 ಮಂದಿ, ಮರುವರ್ಷ 181 ಮಂದಿ ಈ ಜ್ವರಕ್ಕೆ ಬಿದ್ದರು. ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳು ಉಣುಗುಗಳನ್ನು ಹೊತ್ತು ತಂದಿರಬಹುದೆಂಬ ಊಹೆಯಿಂದಲೇ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ ಸಲೀಂ ಅಲಿಯವರ ಹಕ್ಕಿಗಳಿಗೆ ಉಂಗುರ ತೊಡಿಸುವ ಕಾರ್ಯ ವಿಸ್ತಾರವಾಗಿ ನಡೆಯಿತೆಂಬುದು ಪಕ್ಷಿಪ್ರಿಯರಿಗೂ ಅಷ್ಟಾಗಿ ತಿಳಿಯದ ಸಂಗತಿ.

ಆದರೆ ಮಂಗ ಸಾಯುತ್ತದೆ. ಸಾಯುವ ಪ್ರಾಣಿಯಲ್ಲಿ ವೈರಸ್ಸು ವರ್ಷವಿಡೀ ತಂಗಿರುವುದು ಹೇಗೆ? ಈ ಪ್ರಶ್ನೆಯೇ ಶೋಧಕರನ್ನು ಮರದ ಮೇಲಿಂದ ನೆಲಕ್ಕಿಳಿಸಿತು. ಕಾಡಿನಲ್ಲಿ ಬೋನುಗಳನ್ನಿಟ್ಟು ಇಲಿಗಳನ್ನು ಜೀವಂತ ಹಿಡಿದು, ಮತ್ತು ಬರಿಸಿ, ಬಿಳಿಯ ತಟ್ಟೆಯ ಮೇಲೆ ಅವುಗಳ ರೋಮವನ್ನು ಬಾಚಿ, ಕಿವಿಯಂಚಿಗೆ ಕಚ್ಚಿಕೊಂಡ ಮರಿ ಉಣುಗುಗಳನ್ನು ಚಿಮಟದಿಂದ ಒಂದೊಂದಾಗಿ ಕಿತ್ತು ಸೀಸೆಗೆ ಹಾಕುವುದು, ಇತ್ತ ಬಿಳಿಯ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ತರಗೆಲೆಯ ಮೇಲೆ ಎಳೆಯುತ್ತ, ಅದಕ್ಕೆ ಅಂಟಿದ ಎಳ್ಳುಕಾಳಿನಂಥ ಜೀವಿಗಳನ್ನು ಎಣಿಸುವುದು: ಇಂಥ ಬೇಸರದ ಕೆಲಸವನ್ನು ವರ್ಷಗಟ್ಟಲೆ ನಡೆಸಿದ ಮೇಲೆ, ಕಾಡಿಲಿ, ಬ್ಲಾನ್‌ಫರ್ಡನ ಇಲಿ, ಸುಂಡಿಲಿಗಳಲ್ಲಿಯೂ ವೈರಸ್ಸು ಸಿಕ್ಕಿತು. ಸುಂಡಿಲಿ ಪ್ರಾಣಿಶಾಸ್ತ್ರದ ಪ್ರಕಾರ ಇಲಿಯೇ ಅಲ್ಲವಾದರೂ ಈ ಲೆಕ್ಕದಲ್ಲಿ ಇಲಿಯ ಜೊತೆಗಾರ. ಮುಂಗಾರು ಕಳೆದ ಮೇಲೆ ಹೊರಬರುವ ಮರಿ ಉಣುಗುಗಳು ಇಂಥ ಸಣ್ಣ ಪ್ರಾಣಿಗಳ ರಕ್ತವನ್ನು ಹೀರಿ, ಪೊರೆ ಕಳಚಿ, ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಧ್ಯಾವಸ್ಥೆಯಲ್ಲಿ ಮನುಷ್ಯರನ್ನು ಕಚ್ಚುತ್ತವೆ. ಬೆಳೆದ ಮೇಲೆ ದನಗಳ ಮೈಯಲ್ಲಿ ಹೊಟ್ಟೆ ತುಂಬಿಸಿಕೊಂಡು ಸಂತಾನವನ್ನು ಹೆಚ್ಚಿಸುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದಿಲ್ಲ.

ಅನ್ಯದೇಶಗಳ ಅನುಭವವೂ ನೆಲದತ್ತಲೇ ಬೆರಳು ತೋರುತ್ತದೆ. ಕೊರಿಯಾ ಯುದ್ಧದಲ್ಲಿ ಸಾವಿರಾರು ಸೈನಿಕರನ್ನು ಕೆಡವಿದ ರಕ್ತಸ್ರಾವದ ಜ್ವರಕ್ಕೆ ಮೂಲವೆಲ್ಲಿ ಎಂಬುದು ಇಪ್ಪತ್ತು ವರ್ಷಗಳಿಗೂ ಮೀರಿ ನಿಗೂಢವಾಗಿಯೇ ಉಳಿದು, 1976ರಲ್ಲಿ ಹೊ ವಾಂಗ್ ಲೀ ಎಂಬ ವಿಜ್ಞಾನಿ ಪಟ್ಟೆಬೆನ್ನಿನ ಹೊಲದಿಲಿಯ ಶ್ವಾಸಕೋಶದಲ್ಲಿ ಅದರ ಸುಳಿವನ್ನು ಹಿಡಿದನು. ಅದೇ ಹಂಟಾ ವೈರಸ್ಸು. ಅದಕ್ಕೂ ಮುಂಚೆ, 1964ರಲ್ಲಿ, ನಮ್ಮ ನೆರೆಯ ವೆಲ್ಲೂರಿನ ತೋಟ್ಟಪಾಳಯಂನಲ್ಲಿ ಸುಂಡಿಲಿಯೊಂದರಿಂದ ಬೇರ್ಪಡಿಸಿದ ವೈರಸ್ಸು ಆ ಬಳಗದ್ದೇ ಎಂದು ಗೊತ್ತಾದದ್ದು ಬಹುಕಾಲದ ತರುವಾಯ. ಹುಡುಕಿದವರಿಗೆ ಸಿಕ್ಕಿದ್ದು ಏನೆಂಬುದೇ ಆಗ ತಿಳಿದಿರಲಿಲ್ಲ!

ನಮ್ಮಲ್ಲಿ ಇಂದಿಗೂ ಶೋಧನೆ ಮಂಗ ಸತ್ತ ಮೇಲೆಯೇ ಚುರುಕಾಗುತ್ತದೆ: ಹೆಣದ ಸುತ್ತ ಕೀಟನಾಶಕ ಚೆಲ್ಲುವುದು, ಮಾದರಿಯನ್ನು ಶಿವಮೊಗ್ಗಕ್ಕೋ ಪುಣೆಗೋ ಕಳುಹಿಸುವುದು, ಮೈಗೆ ಹಚ್ಚುವ ಎಣ್ಣೆಯನ್ನು ಹಂಚುವುದು. ಇವು ಬೇಕಾದವೇ. ಆದರೆ 2012ರ ಕೊನೆಗೆ ಬಂಡೀಪುರದ ಕಾಡಿನಲ್ಲಿ ಸತ್ತ ಮಂಗಗಳನ್ನು ಮುಟ್ಟಿ ಸುಟ್ಟವರೇ ರೋಗಕ್ಕೆ ತುತ್ತಾದದ್ದನ್ನು, 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದ ಮೇಲೆ ಎದ್ದ ಗದ್ದಲವನ್ನು ನೋಡಿದವರಿಗೆ, ರೋಗವಿಲ್ಲದ ವರ್ಷದಲ್ಲಿಯೂ ಇಲಿ ಮತ್ತು ಉಣುಗುಗಳ ಲೆಕ್ಕವನ್ನು ಬಿಡದೆ ಇಡುವ ನಿತ್ಯದ ಕೆಲಸವೇ ಮುಖ್ಯವೆನ್ನಿಸದಿರದು. ಅಂಥ ಕೆಲಸಕ್ಕೆ ಪತ್ರಿಕೆಯಲ್ಲಿ ಸುದ್ದಿಯಿಲ್ಲ, ಆದುದರಿಂದ ಆಯವ್ಯಯದಲ್ಲಿ ಹಣವೂ ವಿರಳ. 1990ರ ದಶಕದಿಂದ ಕೊಡುತ್ತಿದ್ದ ಲಸಿಕೆಯ ಬಳಕೆಯೂ ಈಚೆಗೆ ನಿಂತುಹೋಗಿದೆ.

2024ರಲ್ಲಿ ಶಿವಮೊಗ್ಗ, ಉತ್ತರ ಕನ್ನಡಗಳೊಡನೆ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಈ ರೋಗ ಕಾಣಿಸಿಕೊಂಡಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಕಾಡಂಚು ಕಡೂರಿನವರಿಗೆ ದೂರದ ದೇಶವಲ್ಲ. ಸುಗ್ಗಿಯ ಕಾಲಕ್ಕೆ ಕಾಫಿ, ಅಡಕೆಯ ತೋಟಗಳಿಗೆ ಬಯಲಿನಿಂದ ಕೂಲಿಗೆ ಹೋಗುವವರು, ಊರಿಗೆ ಮರಳಿದ ಮೇಲೆ ಜ್ವರ ಬಂದರೆ, ಕಡೂರಾಗಲಿ ಅಜ್ಜಂಪುರವಾಗಲಿ ತರೀಕೆರೆಯಾಗಲಿ, ಆಸ್ಪತ್ರೆಯಲ್ಲಿ ತಾವು ಯಾವ ತೋಟದಲ್ಲಿ, ಯಾವ ಕಾಡಿನ ಮಗ್ಗುಲಲ್ಲಿ ದುಡಿದು ಬಂದೆವೆಂಬುದನ್ನು ವೈದ್ಯರು ಕೇಳುವವರೆಗೆ ಕಾಯದೆ ಮೊದಲೇ ಹೇಳಬೇಕು. ಮಂಗ ಸತ್ತು ಬಿದ್ದದ್ದನ್ನು ಕಂಡವರು ಮುಟ್ಟದೆ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಬೇಕು.