ಸಗಣಿಯಿಂದ ಕಾರ್ಬನ್ ಕ್ರೆಡಿಟ್: ಸಹಿಗೆ ಮುನ್ನ ತಿಳಿಯಿರಿ

ತಾಯಂದಿರೇ, ತಿಪ್ಪೆಯಲ್ಲಿ ಗಾಳಿಯಾಡದೆ ಕೊಳೆಯುವ ಸಗಣಿಯಿಂದ ಹೊರಡುವ ಮೀಥೇನ್ ಅನಿಲ ಭೂಮಿಯ ಬಿಸಿ ಹೆಚ್ಚಿಸುತ್ತದೆ. ಅದೇ ಅನಿಲ ಗೋಬರ್ ಗ್ಯಾಸ್ ಒಲೆಯಲ್ಲಿ ಉರಿದರೆ ಸಿಲಿಂಡರ್ ಖರ್ಚು ಉಳಿಯುತ್ತದೆ. 2 ಘನ ಮೀಟರ್ ಘಟಕಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕು; ನಾಲ್ಕೈದು ಸೀಮೆಹಸು ಸಾಕು. ಬಗ್ಗಡ ಹಿಪ್ಪುನೇರಳೆಗೆ, ಮೇವಿಗೆ ಒಳ್ಳೆಯ ಗೊಬ್ಬರ.

ಹೀಗೆ ತಗ್ಗಿಸಿದ ಮಾಲಿನ್ಯದ ಲೆಕ್ಕವೇ ಕಾರ್ಬನ್ ಕ್ರೆಡಿಟ್. ಅದನ್ನು ಮಾರಬಹುದು. ಆಗ ಕೋಲಾರ ಜಿಲ್ಲೆಯಲ್ಲಿದ್ದ ಬಾಗೇಪಲ್ಲಿಯ ಕೂಲಿ ಸಂಘದ 5,500 ಮನೆಗಳ ಗೋಬರ್ ಗ್ಯಾಸ್ ಯೋಜನೆ 2005ರಲ್ಲೇ ವಿಶ್ವಸಂಸ್ಥೆಯಲ್ಲಿ ನೋಂದಣಿಯಾಗಿತ್ತು. ಈಗ 2022ರ ಇಂಧನ ಸಂರಕ್ಷಣಾ ತಿದ್ದುಪಡಿ ಕಾಯ್ದೆ ದೇಶದೊಳಗೇ ಇಂಥ ಮಾರುಕಟ್ಟೆಗೆ ದಾರಿ ಮಾಡಿದೆ.

ಯಾರಾದರೂ ಕಾರ್ಬನ್ ಒಪ್ಪಂದ ತಂದರೆ ಎಷ್ಟು ವರ್ಷ, ಹಣ ಎಷ್ಟು, ಯಾರ ಖಾತೆಗೆ ಎಂಬುದನ್ನು ಸಂಘದ ಸಭೆಯಲ್ಲಿ ಓದಿಸಿ ಕೇಳಿ. ಆಮೇಲೆ ಸಹಿ ಹಾಕಿ.