ಹಿತ್ತಿಲ ಗೇರುಮರ: ಬೀಜದ ಗಿಡವೋ, ಕಸಿಗಿಡವೋ?

ಕಾಸರಗೋಡಿನ ಮುರಕಲ್ಲು ಗುಡ್ಡೆಗಳ ಬದಿಯಲ್ಲಿ ಬಾಳುವ ನಮಗೆ ಗೇರುಮರ ಹೊಸತಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಈ ಮರ ಇಂದು ನಮ್ಮದೇ ಆಗಿದೆ. ಆದರೆ ಬೀಜದಿಂದ ಎದ್ದ ಗಿಡವು ತಾಯಿಮರದಂತೆಯೇ ಫಲ ಕೊಡುವುದೆಂಬ ಭರವಸೆಯಿಲ್ಲ. ಒಂದು ತುಂಬ ಬಿಟ್ಟರೆ ಇನ್ನೊಂದು ಬರಿಯ ಸೊಪ್ಪಿನ ಮರವಾದೀತು. ಆದಕಾರಣ ಹಿತ್ತಿಲಲ್ಲಿ ಎರಡೇ ಮರಕ್ಕೆ ಜಾಗವಿರುವವರು ಕಸಿಗಿಡವನ್ನೇ ನೆಡುವುದು ಲೇಸು. ಒಳ್ಳೆಯ ಮರದ ಕುಡಿಯನ್ನೇ ಕೂಡಿಸಿದ್ದರಿಂದ ಅದರಲ್ಲಿ ತಾಯಿಯ ಗುಣ ಉಳಿಯುತ್ತದೆ. ಮೂರನೆಯ ವರ್ಷದಿಂದಲೇ ಫಲ ಕಾಣಬಹುದು. ಉಳ್ಳಾಲ-1, ವೆಂಗುರ್ಲಾ-7, ಪುತ್ತೂರಿನ ಭಾಸ್ಕರ ಇವು ಹೆಸರಾದ ತಳಿಗಳು.

ಮಳೆ ಹಿಡಿದ ಮೇಲೆ, ಜೂನ್–ಜುಲೈಯಲ್ಲಿ, ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಕಡೆ ಎರಡಡಿ ಉದ್ದ, ಅಗಲ, ಆಳದ ಗುಂಡಿ ತೋಡಿರಿ. ಮೇಲ್ಮಣ್ಣಿಗೆ ಹಟ್ಟಿಗೊಬ್ಬರ ಬೆರೆಸಿ ತುಂಬಿರಿ. ಗಿಡದಿಂದ ಗಿಡಕ್ಕೆ 25 ಅಡಿ ಅಂತರವಿರಲಿ. ಕಸಿಯ ಗಂಟು ನೆಲದಿಂದ ಎರಡಂಗುಲ ಮೇಲಿರಬೇಕು. ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಿ, ಗಾಳಿಗೆ ಮುರಿಯದಂತೆ ಗೂಟಕ್ಕೆ ಕಟ್ಟಿರಿ. ಗಂಟಿನ ಕೆಳಗೆ ಬರುವ ಚಿಗುರನ್ನು ಕೂಡಲೇ ಚಿವುಟಬೇಕು. ಬಿಟ್ಟರೆ ಕಾಡುಗಿಡವೇ ಮೇಲೆದ್ದು ಕಸಿ ಸಾಯುತ್ತದೆ. ಮೊದಲೆರಡು ವರ್ಷ ಬಂದ ಹೂವನ್ನೂ ತೆಗೆಯಿರಿ, ಗಿಡ ಬಲಿಯಲಿ. ಬೇಸಗೆಯಲ್ಲಿ ಬುಡಕ್ಕೆ ತರಗೆಲೆ ಮುಚ್ಚಿರಿ.

ಮಳೆಗಾಲ ಕಳೆದು ಹೊಸ ಚಿಗುರು ಬಂದಾಗ ಟೀ ಸೊಳ್ಳೆ ಬರುತ್ತದೆ. ಹೆಸರಿಗೆ ಸೊಳ್ಳೆಯಾದರೂ ಇದು ತಿಗಣೆಯ ಜಾತಿ. ರಸ ಹೀರಿದಲ್ಲಿ ಚಿಗುರೂ ಹೂಗೊಂಚಲೂ ಕಪ್ಪಾಗಿ ಒಣಗುತ್ತವೆ. ಇದನ್ನು ಕೊಲ್ಲಲೆಂದೇ ನಮ್ಮ ಜಿಲ್ಲೆಯ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಎಣ್ಮಕಜೆ ಮೊದಲಾದ ಊರುಗಳ ಎಷ್ಟೋ ಮನೆಗಳು ಇಂದಿಗೂ ಆ ನೋವನ್ನು ಹೊತ್ತಿವೆ. ಮಕ್ಕಳು ಆಡುವ, ಬಾವಿಯಿರುವ ಹಿತ್ತಿಲಿಗೆ ವಿಷದ ಬಾಟಲಿ ತರಬಾರದೆಂಬುದಕ್ಕೆ ಬೇರೆ ಪಾಠ ಬೇಕೆ?

ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಯು ಈ ಕೀಟವನ್ನು ಹಿಡಿದು ತಿನ್ನುತ್ತದೆ. ಕೊಯ್ಲಿನಲ್ಲಿ ಕಚ್ಚಿತೆಂದು ಅದರ ಗೂಡನ್ನು ಸುಡಬೇಡಿರಿ. ಭಾಸ್ಕರ ತಳಿಗೆ ಟೀ ಸೊಳ್ಳೆಯ ಬಾಧೆ ತಕ್ಕಮಟ್ಟಿಗೆ ಕಡಮೆ. ಬುಡದಲ್ಲಿ ಅಂಟೂ ಮರದ ಹುಡಿಯೂ ಕಂಡರೆ ಕಾಂಡಕೊರಕ ಹೊಕ್ಕಿದೆಯೆಂದು ತಿಳಿದು, ತೊಗಟೆ ಕೆತ್ತಿ ಹುಳುವನ್ನು ತೆಗೆಯಿರಿ.

ಹಣ್ಣು ತಾನಾಗಿ ಬಿದ್ದ ಮೇಲೆಯೇ ಬೀಜ ಹೆಕ್ಕಿ, ಎರಡು ಮೂರು ಬಿಸಿಲು ಒಣಗಿಸಿ ಇಡಿರಿ. ಬಲಿಯದ ಬೀಜಕ್ಕೆ ತೂಕವೂ ಇಲ್ಲ, ಬೆಲೆಯೂ ಇಲ್ಲ.